ಬಾಯಿಬಡುಕಿಯ ಗಂಟು

2019, ಮೇ 4, ಶನಿವಾರ

ಪಾದ್ರಿಯ ಹೆಂಡತಿ ಈ ಪುಸ್ತಕ ಕೊಟ್ಟು ಎರಡು ತಿಂಗಳಾಯಿತು. ರಟ್ಟಿನ ಮೇಲೆ ನೀಲಿ ಹೂವು, ಪ್ರತಿ ಪುಟದ ಕೆಳಗೆ ಒಂದೊಂದು ಬೈಬಲ್ ವಾಕ್ಯ. ದುಃಖ ಬಂದಾಗ ಬರೆಯಿರಿ, ಮನಸ್ಸು ಹಗುರಾಗುತ್ತದೆ ಎಂದಿದ್ದಳು. ದುಃಖ ಬಂದಾಗ ನಾನು ಬರೆಯಲಿಲ್ಲ. ಇವತ್ತು ಸಿಟ್ಟು ಬಂದಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಆರ್ವಲ್ ಟಿಬ್ಸನ ಅಂಗಡಿಗೆ ಹೋಗಿದ್ದೆ. ಎರೆಹುಳ, ಗಾಳ, ಕಾಫಿ ಮೂರೂ ಸಿಗುವ ಅಂಗಡಿ. ಊರಿನ ಗಾಳಗಾರರೆಲ್ಲ ಬಂದು ಸುಳ್ಳು ಹೇಳುವ ಜಾಗ. ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯೊಂದು ಹೊಸದಾಗಿ ಬಂದಿದೆ. ಒಳಗೆ ದೀಪ, ಕೆಂಪು ಮಖಮಲ್ಲು, ಅದರ ಮೇಲೆ ನಮ್ಮಪ್ಪ ಮಾಡಿದ ಬಾಯಿಬಡುಕಿ, ಮೀನನ್ನು ಮರುಳು ಮಾಡುವ ಗಾಳದ ಗೊಂಬೆ. ಕೆಳಗೆ ಹಿತ್ತಾಳೆಯ ಫಲಕ: ‘1981ರ ಜೂನ್ 14ರಂದು ರಾಯ್ಸ್ ಪ್ಯಾಜೆಟ್ ಅವರು ಹನ್ನೊಂದು ಪೌಂಡ್ ಎರಡು ಔನ್ಸ್ ತೂಕದ ಬಾಸ್ ಮೀನನ್ನು ಇದರಿಂದಲೇ ಹಿಡಿದರು. ಇಂದಿಗೂ ಜಿಲ್ಲೆಯ ದಾಖಲೆ.’

ಅಪ್ಪನ ಹೆಸರು ಎಲ್ಲೂ ಇಲ್ಲ. ದೇವದಾರು ಮರವನ್ನು ತಿರುಗಣಿಯಲ್ಲಿ ಕಡೆದು, ಬೆನ್ನಿಗೆ ಕಪ್ಪೆಯ ಹಸಿರು, ಹೊಟ್ಟೆಗೆ ಹಳದಿ ಬಳಿದು, ಬಾಲಕ್ಕೆ ತಗಡಿನ ಪುಟ್ಟ ಗಿರಗಿಟ್ಲೆ ಸಿಕ್ಕಿಸಿದವನು ಅವನು. ನೀರಿನ ಮೇಲೆ ಎಳೆದರೆ ಬಡಬಡ ಅನ್ನುತ್ತದೆ, ಅದಕ್ಕೇ ಬಾಯಿಬಡುಕಿ ಎಂದು ಹೆಸರಿಟ್ಟ. ನನಗೆ ಹನ್ನೆರಡು ತುಂಬಿದ ದಿನ ಅಂಗೈಯಲ್ಲಿಟ್ಟು, ಇದು ನಿನ್ನದು ಎಂದ. ಈಗ ಕಂಡವರೆಲ್ಲ ನೋಡಲು ದೀಪದಡಿ ಮಲಗಿಸಿದ್ದಾರೆ. ಆ ಶಾಖಕ್ಕೆ ಬಣ್ಣ ಬಿರಿಯುತ್ತದೆ ಅನ್ನುವ ಜ್ಞಾನವೂ ಇಲ್ಲ.

ಕೊಟ್ಟವಳು ನಾನೇ. ಫೆಬ್ರುವರಿಯಲ್ಲಿ ನನ್ನ ಗಂಡ ರಾಯ್ಸನ ಮಣ್ಣಿನ ದಿನ ಗಾಳಸಂಘದ ಅಧ್ಯಕ್ಷ ಗ್ರೇಡಿ ಲೋಮ್ಯಾಕ್ಸ್ ನನ್ನ ಅಡುಗೆಮನೆಯಲ್ಲಿ ಹಂದಿಮಾಂಸದ ತಟ್ಟೆ ಹಿಡಿದು ನಿಂತು, ಮೇಜಿನ ಮೇಲ್ಗಡೆ ಗೋಡೆಯ ಮೊಳೆಗೆ ತೂಗಿದ್ದ ಅದನ್ನು ಸಂಘಕ್ಕೆ ಒಯ್ಯಲೇ ಎಂದು ಕೇಳಿದ. ಆ ದಿನ ನನ್ನ ಎಡಗಾಲು ಕೇಳಿದ್ದರೂ ತೆಗೆದುಕೊಂಡು ಹೋಗು ಅನ್ನುತ್ತಿದ್ದೆ.

ಗ್ರೇಡಿ ಅಂಗಡಿಯಲ್ಲೇ ಇದ್ದ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ನಾನು. ಈ ಮನುಷ್ಯ ಮೂರನೇ ಸೀಟಿನಲ್ಲಿ ಕೂತು ತಿರುವು ಬಂದಾಗಲೆಲ್ಲ ವಾಂತಿ ಮಾಡುತ್ತಿದ್ದ. ಇವತ್ತು ನನ್ನ ಹೆಗಲ ಮೇಲೆ ಕೈಯಿಟ್ಟು, “ಮಿಸ್ ಅರ್ಲೀನ್, ರಾಯ್ಸ್ ಅವ್ರ ಹೆಸರು ಈ ಊರು ಮರೆಯೋ ಹಾಗೇ ಇಲ್ಲ, ನೋಡ್ತಾ ಇರಿ” ಎಂದ. ಜೂನ್ 15ಕ್ಕೆ ರಾಯ್ಸ್ ಪ್ಯಾಜೆಟ್ ಸ್ಮಾರಕ ಪಂದ್ಯವಂತೆ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಂದೆ.

ಮೇ 7, ಮಂಗಳವಾರ

ಮಾರ್ಲಾ ಫೋನು ಮಾಡಿದ್ದಳು. ಪಂದ್ಯದ ದಿನ ಮಗಳೇ ಮಾತಾಡಬೇಕು, ಅಪ್ಪನ ಮೀನಿನ ಕಥೆ ಹೇಳಬೇಕು ಎಂದು ಸಂಘದವರು ಕೇಳಿದ್ದಾರಂತೆ. ಅವಳಿಗೆ ಖುಷಿಗೆ ಅಳು. ಈಗಿನಿಂದಲೇ ಬರೆಯಲು ಕೂತಿದ್ದಾಳೆ. ಮೂರನೇ ತರಗತಿಯ ಮೇಷ್ಟ್ರಮ್ಮ, ಬರೆಯದೆ ಬಾಯಿ ತೆರೆಯುವವಳಲ್ಲ.

ಆ ಕಥೆಯನ್ನು ರಾಯ್ಸ್ ಈ ಮನೆಯ ಮೇಜಿನ ಮೇಲೆ ಎಷ್ಟು ಸಲ ಬಡಿಸಿದ್ದಾನೋ ಲೆಕ್ಕವಿಲ್ಲ. ನೀರಿನ ಮೇಲೆ ತೇಲುವ ಗಾಳದ ಗೊಂಬೆಯನ್ನು ಎಸೆದ ಮೇಲೆ ತಕ್ಷಣ ಎಳೆಯಬಾರದು. ಅದು ಬಿದ್ದಾಗ ಎದ್ದ ಅಲೆಯ ಬಳೆಗಳು ಒಂದೊಂದಾಗಿ ಅಡಗುವ ತನಕ ಕಾಯಬೇಕು. ಎಲ್ಲರೂ ಹತ್ತೋ ಇಪ್ಪತ್ತೋ ಎಣಿಸುತ್ತಾರೆ. ರಾಯ್ಸ್ ಅರವತ್ತು ಎಣಿಸಿದನಂತೆ. ಕಥೆಯಲ್ಲಿ ಅಲ್ಲಿಗೆ ಬಂದಾಗ ಅವನು ನಿಜವಾಗಿಯೂ ಸುಮ್ಮನಾಗುತ್ತಿದ್ದ. ನೆಂಟರು ಫೋರ್ಕು ಎತ್ತಿ ಹಿಡಿದು ಕಾಯುತ್ತಿದ್ದರು, ನಾನು ಗ್ರೇವಿಯ ಪಾತ್ರೆ ಹಿಡಿದು ನಿಂತಿರುತ್ತಿದ್ದೆ. ಆಮೇಲೆ, ಮೀನು ಎರಗಿತು ಎಂದು ಅಂಗೈಯಿಂದ ಮೇಜಿಗೆ ಒಂದು ಏಟು. ಗ್ರೇವಿ ಅಷ್ಟರಲ್ಲಿ ಆರಿ ಕೆನೆ ಕಟ್ಟಿರುತ್ತಿತ್ತು.

ಚೆನ್ನಾಗಿ ಬರಿ ಎಂದು ಹೇಳಿ ಫೋನಿಟ್ಟೆ. ಆಮೇಲೆ ಬಾಣಲೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಉಜ್ಜಿದೆ.

ಮೇ 13, ಸೋಮವಾರ

ಬೆಳಕು ಹರಿದ ಮೇಲೆ ರಾಯ್ಸನ ದೋಣಿಯನ್ನು ನೀರಿಗಿಳಿಸಿದೆ. ಒಬ್ಬಳೇ. ಹ್ಯಾಚೆಟ್ ಕ್ರೀಕ್ ಸರೋವರದ ಬಡಗಣ ಮೂಲೆಗೆ, ಅಣೆಕಟ್ಟು ಕಟ್ಟಿದಾಗ ಮುಳುಗಿದ ಸೈಪ್ರೆಸ್ ಮರಗಳ ಹತ್ತಿರ ಹೋದೆ. ಯಾವಾಗಿನಂತೆ ಹಿಂದಿನ ಸೀಟಿನಲ್ಲೇ ಕೂತೆ. ಮುಂದೆ ರಾಯ್ಸನ ಭಾರವಿಲ್ಲದೆ ದೋಣಿಯ ಮೂತಿ ಆಕಾಶ ನೋಡುತ್ತಿತ್ತು.

ಅಪ್ಪನ ಕೈಯದೇ ಇನ್ನೊಂದು ಗೊಂಬೆ ಕಟ್ಟಿದ್ದೆ, ಒಂದು ಕಣ್ಣು ಉದುರಿದ್ದು. ಮೂರು ಮೀನು ಬಂದವು, ಮೂರೂ ತಪ್ಪಿದವು. ತಪ್ಪು ನನ್ನದೇ. ನೀರು ಸಿಡಿದ ತಕ್ಷಣ ಎಳೆಯಬಾರದು, ಕೈಗೆ ಭಾರ ತಾಕಿದ ಮೇಲೆ ಎಳೆಯಬೇಕು. ಕಣ್ಣಿಗೆ ಕಂಡದ್ದಕ್ಕೆ ಎಳೆದರೆ ಗೊಂಬೆ ಮೀನಿನ ಬಾಯಿಂದಲೇ ಕಿತ್ತು ಬರುತ್ತದೆ. ಏಳು ವರ್ಷದ ಮಕ್ಕಳಿಗೂ ಗೊತ್ತಿರುವ ವಿಷಯ. ಮೂರನೆಯ ಸಲ ಗೊಂಬೆ ಹಾರಿ ಬಂದು ನನ್ನ ಟೋಪಿಗೇ ಸಿಕ್ಕಿಕೊಂಡಿತು. ಬಸ್ಸಿನಲ್ಲಿ ಯಾವ ಹುಡುಗ ಆಡಿದ್ದರೂ ಕೆಳಗಿಳಿಸಿಬಿಡುತ್ತಿದ್ದ ಮಾತುಗಳೆಲ್ಲ ನನ್ನ ಬಾಯಿಂದಲೇ ಬಂದವು.

ಮೇ 18, ಶನಿವಾರ

ಗ್ರೇಡಿ ಮನೆಗೆ ಬಂದಿದ್ದ. ಸಿಹಿ ಟೀ ಕೊಟ್ಟೆ, ಪೀಚ್ ಹಣ್ಣಿನ ಕಡುಬು ಕೊಟ್ಟೆ. ಅಮ್ಮ ಕಲಿಸಿದ ಮರ್ಯಾದೆ, ಬಿಡಲಾಗುವುದಿಲ್ಲ. ಪಂದ್ಯ ಶುರುವಾಗುವ ಮುಂಚೆ ಬಾಯಿಬಡುಕಿಯನ್ನು ಪೆಟ್ಟಿಗೆಯಿಂದ ತೆಗೆದು ದೋಣಿಗಟ್ಟೆಯಿಂದ ಒಂದು ಸಲ ಎಸೆಯುತ್ತಾರಂತೆ. ಮೊದಲ ಎಸೆತ ಅಂತ ಹೆಸರು. ಎಸೆಯುವವನು ಗ್ರೇಡಿ. ನಿಮಿಷಕ್ಕೆ ಹತ್ತು ಸಲ ಪ್ಲಾಸ್ಟಿಕ್ ಹುಳ ಎಸೆದು ಎಳೆಯುವ ಕೈ ಅದು.

ಅಷ್ಟಾದರೂ ಸಹಿಸುತ್ತಿದ್ದೆ. ಆಮೇಲೆ ಹೇಳಿದ: “ಕೊಕ್ಕೆಗೆ ತುಕ್ಕು ಹಿಡಿದಿದೆ, ಬದಲಾಯಿಸ್ತೀನಿ. ಮೂತಿ ಹತ್ರ ಹಳೇ ದಾರದ ತುಂಡು ನೇತಾಡ್ತಾ ಇದೆಯಲ್ಲ, ಅದನ್ನ ಕತ್ತರಿಸಿ ಬಿಸಾಕಿ, ರಾಯ್ಸ್ ಅವ್ರು ಕಲಿಸಿದ ಬಿಗಿಗಂಟಲ್ಲೇ ಹೊಸ ದಾರ ಕಟ್ತೀನಿ.”

ಬೇಡ ಎಂದೆ. ಯಾಕೆ ಎಂದ. ಆ ದಾರ ಮುಟ್ಟಬೇಡ ಎಂದೆ. ಯಾಕೆ ಮಿಸ್ ಅರ್ಲೀನ್ ಎಂದು ಮತ್ತೆ ಕೇಳಿದ. ಹಾಗಿದ್ದರೆ ವಾಪಸ್ಸು ಕೊಡು, ಅದು ನನ್ನದು ಎಂದೆ. ಅವನು ಕಡುಬಿನ ತಟ್ಟೆ ಕೆಳಗಿಟ್ಟು, ಹುಷಾರಿಲ್ಲದವರ ಜೊತೆ ಆಡುವ ದನಿಯಲ್ಲಿ, ಎಲ್ಲರ ಎದುರಿಗೆ ನೀವೇ ಕೊಟ್ಟಿರಿ, ಈಗ ಸಂಘದ ಆಸ್ತಿ ಎಂದು ಸಭೆಯಲ್ಲಿ ಬರೆದಾಗಿದೆ ಎಂದ. ಹೋಗುವಾಗ ಕಡುಬು ತುಂಬಾ ಚೆನ್ನಾಗಿತ್ತು ಅಂತಲೂ ಹೇಳಿದ.

ಮೇ 19, ಭಾನುವಾರ

ಆ ಮೀನು ಹಿಡಿದದ್ದು ನಾನು.

ಬರೆದೆ. ಇವತ್ತಿಗೆ ಇಷ್ಟು ಸಾಕು.

ಮೇ 20, ಸೋಮವಾರ

ನಿನ್ನೆಯ ಪುಟ ಇವತ್ತು ತೆಗೆದು ನೋಡಿದೆ. ಅಕ್ಷರ ಹಾಗೇ ಇವೆ, ಮನೆಯ ಮಾಡು ಕುಸಿದಿಲ್ಲ. ಹಾಗಾದರೆ ಪೂರ್ತಿಯಾಗಿ ಬರೆಯುತ್ತೇನೆ.

ಮೀನನ್ನು ಆರ್ವಲ್‌ನ ತಕ್ಕಡಿಗೆ ಹಾಕಿದಾಗ ಊರಿಗೆ ಊರೇ ಸೇರಿತು. ಪತ್ರಿಕೆಯವನು ಕ್ಯಾಮೆರಾ ಹಿಡಿದು ಬಂದ. ನಾನೇ ಮೀನಿನ ದವಡೆಗೆ ಹೆಬ್ಬೆರಳು ಕೊಟ್ಟು ಎತ್ತಿ ಹಿಡಿದಿದ್ದೆ. ಅವನು, ಭಾರ ಇದೆ ಮೇಡಂ, ಯಜಮಾನರ ಕೈಗೆ ಕೊಡಿ, ಚಿತ್ರ ಅಲ್ಲಾಡುತ್ತದೆ ಎಂದ. ಕೊಟ್ಟೆ. ರಾಯ್ಸ್ ತಗೊಂಡ. ಮಾರನೆಯ ವಾರದ ಪತ್ರಿಕೆಯಲ್ಲಿ ರಾಯ್ಸ್ ಪ್ಯಾಜೆಟ್ ಮತ್ತು ಅವರ ಮೀನು. ಅಂಚಿನಲ್ಲಿ ನನ್ನ ಮೊಣಕೈ ಮಾತ್ರ ಇತ್ತು.

ತಪ್ಪಾಗಿದೆ, ನಾಳೆ ಸರಿ ಮಾಡಿಸುತ್ತೇನೆ ಎಂದ ರಾಯ್ಸ್. ಅವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮರುದಿನ ಕೈಕುಲುಕುವವರ ಸಾಲು. ಸಂಜೆ ಮುಖ ಕೆಂಪಗೆ ಮಾಡಿಕೊಂಡು ಬಂದ. “ಇವತ್ತು ಹೇಳೋಕೆ ಆಗ್ಲಿಲ್ಲ ಕಣೇ, ಎಲ್ಲ ಅಷ್ಟು ಖುಷಿಯಾಗಿದ್ರು.” ನಾನು ನಕ್ಕೆ. ಮೊದಲ ವಾರ ಅದು ನಮ್ಮಿಬ್ಬರ ತಮಾಷೆಯಾಗಿತ್ತು. ನಾನು ನಗುವುದನ್ನು ನಿಲ್ಲಿಸುವಷ್ಟರಲ್ಲಿ ಅವನು ಅದನ್ನು ನಂಬಿಬಿಟ್ಟಿದ್ದ.

ಮೀನು ಹೋದರೆ ಹೋಗಲಿ. ಅವನು ಬಾಯಿಬಡುಕಿಯ ದಾರವನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ. ಇಂಥದ್ದನ್ನು ಇನ್ನು ನೀರಿಗೆ ಹಾಕುವ ಹಾಗಿಲ್ಲ ಎಂದ. ನಮ್ಮಪ್ಪ ನನಗೆ ಕೊಟ್ಟದ್ದು! ಮೂವತ್ತೆಂಟು ವರ್ಷ ನಾನು ಈರುಳ್ಳಿ ಹೆಚ್ಚುವುದನ್ನು ಅದು ನೋಡಿಕೊಂಡು ನೇತಾಡಿತು. ಇದಕ್ಕೆ ಅವನನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ.

ಈಗ ಗಂಟಿನ ವಿಷಯ. ಅಪ್ಪ ನನಗೆ ಕಲಿಸಿದ್ದು ಕುಣಿಕೆ ಗಂಟು. ಗೊಂಬೆಯ ಮೂತಿಯ ಬಳೆಗೆ ದಾರವನ್ನು ಬಿಗಿಯದೆ ಸಣ್ಣ ಕುಣಿಕೆ ಬಿಟ್ಟು ಕಟ್ಟಿದರೆ ಮರ ತಲೆಯಾಡಿಸಲು ಜಾಗವಿರುತ್ತದೆ. ರಾಯ್ಸನದು ಬಿಗಿಗಂಟು. ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಕಲಿಸಿದ. ನನ್ನದಕ್ಕೆ ಸೋಮಾರಿ ಗಂಟು ಎಂದು ಹೆಸರಿಟ್ಟು ಊರೆಲ್ಲ ನಗಿಸಿದ. ಆ ನಾಲ್ಕು ಬೆರಳು ದಾರದ ತುದಿಯಲ್ಲಿ ಈಗಲೂ ಇರುವುದು ಕುಣಿಕೆ ಗಂಟು. ಊರಿನ ಮಹಾ ಮಹಾ ಗಾಳಗಾರರೆಲ್ಲ ನನ್ನ ಮೇಜಿನಲ್ಲಿ ಕೂತು, ನಾನು ಮಾಡಿದ ಜೋಳದ ಬ್ರೆಡ್ಡು ತಿಂದು, ಅದನ್ನೇ ನೋಡಿಕೊಂಡು ಕಥೆ ಕೇಳಿದರು. ಒಬ್ಬನ ಕಣ್ಣಿಗೂ ಬೀಳಲಿಲ್ಲ.

ನನಗಿರುವ ಸಾಕ್ಷಿ ಅದೊಂದೇ. ಅದನ್ನೇ ಗ್ರೇಡಿ ಕತ್ತರಿಸಿ ಬಿಸಾಕುತ್ತಾನೆ.

ಚಳಿಗಾಲದಲ್ಲಿ ರಾಯ್ಸ್ ನನಗಿಂತ ಮೊದಲು ಎದ್ದು ಬಸ್ಸಿನ ಗಾಜಿನ ಮೇಲಿನ ಮಂಜು ಕೆರೆದು, ಇಂಜಿನ್ನು ಬಿಸಿ ಮಾಡಿ ಇಡುತ್ತಿದ್ದ. ಒಂದು ದಿನವೂ ತಪ್ಪಿಸಲಿಲ್ಲ. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ನಾನೂ ಅವನ ಹಾಗೇ ಕಥೆ ಕಟ್ಟಿದಂತಾಗುತ್ತದೆ. ಬರೆದ ಮೇಲೆ ಸಿಟ್ಟು ಇನ್ನೂ ಹೆಚ್ಚಾಯಿತು.

ಮೇ 23, ಗುರುವಾರ

ಆರ್ವಲ್ ಹತ್ತಿರ ಹೋಗಿ, ಆ ದಾರ ಕತ್ತರಿಸಲು ಬಿಡಬೇಡ ಎಂದೆ. ಎಂಬತ್ತೆರಡು ವರ್ಷದ ಮುದುಕ ಎರೆಹುಳದ ಡಬ್ಬಿಗಳನ್ನು ಜೋಡಿಸುತ್ತಿದ್ದವನು ಕೈ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ.

“ಗಂಟು ನಾನು ಆವತ್ತೇ ನೋಡ್ದೆ, ಅರ್ಲೀನ್. ತಕ್ಕಡಿಗೆ ಹಾಕ್ದೋನು ನಾನೇ ಅಲ್ವಾ.”

ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

“ನೀನೇ ಸುಮ್ನಿದ್ದೆ. ನಿಮ್ಮನೆ ವಿಷಯ, ನನಗ್ಯಾಕೆ ಅಂದ್ಕೊಂಡೆ.”

ಮೂವತ್ತೆಂಟು ವರ್ಷ ಈ ಮನುಷ್ಯ ನನಗೆ ಕಾಫಿ ಹುಯ್ದು ಕೊಟ್ಟಿದ್ದಾನೆ, ಹವಾಮಾನ ಮಾತಾಡಿದ್ದಾನೆ. ರಾಯ್ಸ್ ಕಥೆ ಹೇಳುವಾಗ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದಾನೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡು ಒಂದು ಥರ ಬದುಕಿದ್ದೆ. ಒಬ್ಬನಿಗೆ ಗೊತ್ತಿತ್ತು ಅಂದರೆ ಅದು ಬೇರೆಯೇ ಅವಮಾನ. ಅಂಗಡಿಯ ಬಾಗಿಲನ್ನು ಗಂಟೆ ಕಳಚಿ ಬೀಳುವ ಹಾಗೆ ಎಳೆದುಕೊಂಡು ಬಂದೆ.

ಮೇ 28, ಮಂಗಳವಾರ

ಸಿಟ್ಟು. ಅವರೆಕಾಳು ಸೀದುಹೋಯಿತು.

ಜೂನ್ 3, ಸೋಮವಾರ

ಆರು ಗಂಟೆಗೆ ಮೂಲೆಗೆ ಹೋದೆ. ಮಂಜು ಇನ್ನೂ ನೀರಿನ ಮೇಲಿತ್ತು. ಈ ಸಲ ದೋಣಿಯಲ್ಲಿ ರಾಯ್ಸನ ಮುಂದಿನ ಸೀಟಿನಲ್ಲಿ ಕೂತೆ, ಅದರಲ್ಲಿ ಒಂದು ಸ್ಪ್ರಿಂಗು ಮೇಲೆದ್ದು ತೊಡೆಗೆ ಚುಚ್ಚುತ್ತದೆ. ಇಷ್ಟು ವರ್ಷ ಅವನು ಅದನ್ನು ಹೇಳಿಯೇ ಇರಲಿಲ್ಲ. ಒಂದು ಟವಲು ಮಡಚಿ ಹಾಕಿಕೊಂಡೆ.

ಒಕ್ಕಣ್ಣ ಗೊಂಬೆಯನ್ನು ಮರದ ಬೊಡ್ಡೆಯ ಪಕ್ಕಕ್ಕೆ ಎಸೆದೆ. ಬಳೆಗಳು ಹೋದವು. ನೀಲಿ ಬಕಪಕ್ಷಿಯೊಂದು ನನ್ನ ಹಾಗೇ ಮುಖ ಗಂಟು ಹಾಕಿಕೊಂಡು ನಿಂತಿತ್ತು, ಅದನ್ನೇ ನೋಡುತ್ತಿದ್ದೆ. ಒಂದು ಸಲ ಗಾಳದ ಕೋಲಿನ ತುದಿ ಅಲ್ಲಾಡಿಸಿದೆ. ನೀರು ಸಿಡಿಯಿತು. ಭಾರ ಬಂತು. ಆಮೇಲೆ ಎಳೆದೆ. ಮೂರು ಪೌಂಡಾದರೂ ಇತ್ತು. ಹೆಬ್ಬೆರಳ ಚರ್ಮವನ್ನು ಅದರ ದವಡೆ ಚೆನ್ನಾಗಿ ಉಜ್ಜಿತು. ಬಿಟ್ಟುಬಿಟ್ಟೆ.

ಮನೆಗೆ ಬಂದ ಮೇಲೆ ನೆನಪಾಯಿತು, ಬೆಳಗಿನಿಂದ ಗ್ರೇಡಿಯನ್ನು ಬೈದೇ ಇರಲಿಲ್ಲ. ಕೂತು ಬೈದೆ.

ಜೂನ್ 8, ಶನಿವಾರ

ಮಾರ್ಲಾ ಭಾಷಣ ತಂದಿದ್ದಳು. ಅಡುಗೆಮನೆಯಲ್ಲೇ ನಿಂತು ಓದಿದಳು. ಅರವತ್ತರ ಜಾಗಕ್ಕೆ ಬಂದು ಅವಳೂ ನಿಲ್ಲಿಸಿದಳು, ಅಪ್ಪನ ಹಾಗೇ. ಆ ಮೌನದ ಒಳಗೆ ನಾನು ಹೇಳಿಬಿಟ್ಟೆ. ಆ ಮೀನು ನಿಮ್ಮಪ್ಪ ಹಿಡಿದದ್ದಲ್ಲ, ನಾನು ಹಿಡಿದದ್ದು.

ಅವಳು ಕಾಗದವನ್ನು ಎದೆಗೆ ಒತ್ತಿಕೊಂಡಳು. ನಕ್ಕಳು, ತಮಾಷೆ ಅಂದುಕೊಂಡು. ಗಂಟಿನ ವಿಷಯ ಹೇಳಿದೆ, ಪತ್ರಿಕೆಯವನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಬಸ್ಸಿನ ದನಿಯಾಯಿತು. ಅದು ಹಾಗಾಗಬಾರದಿತ್ತು.

“ಅಪ್ಪ ಬದುಕಿದ್ದಾಗ ಒಂದು ದಿನ ಹೇಳ್ಲಿಲ್ಲ ನೀನು,” ಎಂದಳು. “ಈಗ ಅವರು ಉತ್ತರ ಕೊಡೋಕಾಗಲ್ಲ, ಈಗ ಹೇಳ್ತಿದ್ದೀಯ. ನಾಲ್ಕು ತಿಂಗಳ ಹಿಂದೆಯಷ್ಟೇ ಅಪ್ಪ ಹೋದ್ರು, ಅಮ್ಮ. ಈ ಕಥೆನೂ ತಗೊಂಡ್ಬಿಡ್ತೀಯಾ?”

ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಕಾರು ಹಿಂದೆ ತೆಗೆಯುವಾಗ ನನ್ನ ಹೂವಿನ ಪಾತಿಯ ಮೇಲೇ ಹತ್ತಿಸಿಕೊಂಡು ಹೋದಳು.

ಜೂನ್ 12, ಬುಧವಾರ

ಮಾರ್ಲಾ ಫೋನು ಎತ್ತುತ್ತಿಲ್ಲ.

ಆರ್ವಲ್ ಫೋನು ಮಾಡಿದ್ದ. ಗ್ರೇಡಿ ನಿನ್ನೆ ಬಾಯಿಬಡುಕಿಗೆ ಹೊಸ ದಾರ ಕಟ್ಟಲು ಬಂದಿದ್ದನಂತೆ. ಪೆಟ್ಟಿಗೆಯ ಬೀಗ ಕೆಟ್ಟಿದೆ, ಶನಿವಾರದೊಳಗೆ ರಿಪೇರಿ ಮಾಡಿಸುತ್ತೇನೆ, ಆವತ್ತು ದೋಣಿಗಟ್ಟೆಯ ಮೇಲೇ ಕಟ್ಟಿಕೊ ಎಂದು ಹೇಳಿ ಕಳಿಸಿದೆ ಎಂದ. ಬೀಗಕ್ಕೆ ಏನಾಗಿದೆ ಎಂದು ಕೇಳಿದೆ. ಏನೂ ಆಗಿಲ್ಲ ಎಂದ. ನಿನ್ನ ಮೇಲಿನ ಸಿಟ್ಟು ಇದರಿಂದ ಹೋಗುವುದಿಲ್ಲ ಎಂದೆ. ಗೊತ್ತು ಎಂದ, ಫೋನಿಡಲಿಲ್ಲ.

ಜೂನ್ 15, ಶನಿವಾರ

ಇವತ್ತು ಅಕ್ಷರ ನೆಟ್ಟಗಿಲ್ಲ.

ಅರವತ್ತಕ್ಕೂ ಹೆಚ್ಚು ದೋಣಿ. ಒಂದೊಂದಕ್ಕೂ ನನ್ನ ಬಸ್ಸಿಗಿಂತ ದೊಡ್ಡ ಇಂಜಿನ್ನು. ಕಟ್ಟೆಯ ತುಂಬ ಗಂಡಸರು, ಅವರಲ್ಲಿ ಅರ್ಧದಷ್ಟು ಜನ ನಾನು ಶಾಲೆಗೆ ಹೊತ್ತುಕೊಂಡು ಹೋದವರು. ಪಾದ್ರಿ ಪ್ರಾರ್ಥನೆ ಮಾಡಿದ. ಮಾರ್ಲಾ ಧ್ವನಿವರ್ಧಕದ ಪಕ್ಕದಲ್ಲಿ ಕಾಗದ ಹಿಡಿದು ನಿಂತಿದ್ದಳು, ನನ್ನ ಕಡೆ ತಿರುಗಿರಲಿಲ್ಲ. ತಿಂಗಳಿಂದ ಮನಸ್ಸಿನಲ್ಲೇ ಒಂದು ಬೈಗುಳದ ಭಾಷಣ ತಯಾರು ಮಾಡಿಕೊಂಡಿದ್ದೆ. ಗ್ರೇಡಿಗೆ, ಸಂಘಕ್ಕೆ, ಪತ್ರಿಕೆಗೆ, ರಾಯ್ಸನಿಗೆ, ಎಲ್ಲರಿಗೂ ಒಂದೊಂದು ಪಾಲು ಇತ್ತು.

ಗ್ರೇಡಿ ಪೆಟ್ಟಿಗೆ ತೆರೆದು ಬಾಯಿಬಡುಕಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಚಪ್ಪಾಳೆ ಆಯಿತು. ಜೇಬಿನಿಂದ ಉಗುರು ಕತ್ತರಿ ತೆಗೆದ. ನಾನು ಎದ್ದುನಿಂತೆ. ನನಗಿಂತ ಮೊದಲು ಆರ್ವಲ್ ಕೋಲೂರಿಕೊಂಡು ಅವನ ಎದುರಿಗೆ ಹೋಗಿದ್ದ.

“ಕತ್ತರಿಸೋ ಮುಂಚೆ ಅದು ಯಾವ ಗಂಟು ಅಂತ ಹೇಳಪ್ಪ, ಗ್ರೇಡಿ.”

ಧ್ವನಿವರ್ಧಕ ಹತ್ತಿರದಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಗ್ರೇಡಿ ನಗುತ್ತಲೇ ಗೊಂಬೆಯನ್ನು ಕಣ್ಣಿನ ಹತ್ತಿರ ತಂದ. ನಗು ಹೋಯಿತು. ಅವನ ಬಗ್ಗೆ ನಾನು ಏನೇ ಬರೆದಿರಲಿ, ಅವನೂ ಗಾಳಗಾರನೇ. ಗಂಟಿನ ವಿಷಯದಲ್ಲಿ ಸುಳ್ಳು ಹೇಳಲು ಅವನಿಗೆ ಬರಲಿಲ್ಲ.

“ಕುಣಿಕೆ ಗಂಟು” ಎಂದ.

“ರಾಯ್ಸ್ ಕಟ್ತಿದ್ನಾ ಅದನ್ನ?”

“ಇಲ್ಲ. ಅವ್ರು ಅದನ್ನ ಸೋಮಾರಿ ಗಂಟು ಅಂತಿದ್ರು.” ಅಷ್ಟು ಹೇಳಿ ಗ್ರೇಡಿ ತಲೆಯೆತ್ತಿ ನನ್ನನ್ನು ನೋಡಿದ. ಸೋಮಾರಿ ಗಂಟು ಯಾರದು ಎಂದು ಅಲ್ಲಿ ನಿಂತ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅದನ್ನು ಹೇಳಿ ಹೇಳಿ ನಗಿಸಿದವನು ರಾಯ್ಸನೇ. ತಲೆಗಳು ಒಂದೊಂದಾಗಿ ನನ್ನ ಕಡೆ ತಿರುಗಿದವು.

ನನ್ನ ಭಾಷಣದ ಒಂದು ಮಾತೂ ಬಾಯಿಗೆ ಬರಲಿಲ್ಲ. ನಾನು ನೋಡುತ್ತಿದ್ದದ್ದು ಮಾರ್ಲಾಳನ್ನು. ಅವಳು ಗ್ರೇಡಿಯ ಕೈಯಿಂದ ಬಾಯಿಬಡುಕಿಯನ್ನು ತೆಗೆದುಕೊಂಡು ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದಳು. ಎರಡೂ ಗಂಟು ಗೊತ್ತಿರುವವಳು ಅವಳು. ಅವಳ ಅಪ್ಪ ಒಂದು ಕಲಿಸಿದ್ದ, ಏಳು ವರ್ಷದವಳಿದ್ದಾಗ ನಾನು ಇನ್ನೊಂದು ಕಲಿಸಿದ್ದೆ. ತುಂಬ ಹೊತ್ತು ನೋಡಿದಳು. ಆಮೇಲೆ ಕಾಗದ ಮಡಚಿ ಜೇಬಿಗಿಟ್ಟು, ಧ್ವನಿವರ್ಧಕದಲ್ಲಿ, “ಮೊದಲ ಎಸೆತ ಅಮ್ಮಂದು” ಎಂದು ಮಾತ್ರ ಹೇಳಿದಳು. ನಡೆದು ಬಂದು ನನ್ನ ಅಂಗೈಯಲ್ಲಿಟ್ಟಳು. ನಮ್ಮಪ್ಪ ಇಟ್ಟ ಹಾಗೇ ಇತ್ತು ಆ ಭಾರ.

ಹಳೆಯ ದಾರವನ್ನು ಕತ್ತರಿಸಲಿಲ್ಲ. ಅದೇ ಬಳೆಗೆ, ಅದರ ಪಕ್ಕದಲ್ಲೇ ಹೊಸ ದಾರದಿಂದ ಕುಣಿಕೆ ಕಟ್ಟಿದೆ. ಗಾಳದ ಕೋಲು ಆರ್ವಲ್‌ನದು. ಎಸೆದೆ. ಬಾಯಿಬಡುಕಿ ಜೊಂಡಿನ ಅಂಚಿಗೆ ಬಿತ್ತು, ಬಳೆಗಳು ಹರಡಿದವು. ನಾನು ಕಾದೆ. ಅರವತ್ತು ಇಂಜಿನ್ನುಗಳು ಗುರುಗುಟ್ಟುತ್ತಿದ್ದವು, ಒಂದೊಂದಾಗಿ ಆರಿಸಿದರು. ಇನ್ನೂ ಕಾದೆ. ಎಷ್ಟು ಹೊತ್ತು ನಿಲ್ಲಿಸಬೇಕು ಅನಿಸಿತೋ ಅಷ್ಟೂ ಹೊತ್ತು ನಿಲ್ಲಿಸಿದೆ. ನೀರು ಗಾಜಿನಂತಾದ ಮೇಲೆ ಎಳೆದೆ. ಬಡಬಡಬಡ. ಮೂವತ್ತೆಂಟು ವರ್ಷಕ್ಕೆ ಬಾಯಿ ಬಿಟ್ಟಿತು.

ಮೀನು ಬರಲಿಲ್ಲ. ಸಮಾರಂಭ ನಡೆಯುತ್ತಿದೆ ಅಂತ ಮೀನಿಗೇನು ಗೊತ್ತು.

ಗ್ರೇಡಿ ಬಂದು ಎದುರಿಗೆ ನಿಂತ. ಅವನಿಗಾಗಿ ಇಟ್ಟುಕೊಂಡಿದ್ದ ಪಾಲು ಈಗ ನಾಲಿಗೆಯ ತುದಿಯಲ್ಲಿತ್ತು. “ಫಲಕ ಇವತ್ತೇ ತೆಗೆಸ್ತೀನಿ, ಮಿಸ್ ಅರ್ಲೀನ್” ಎಂದ, ಮೂರನೇ ಸೀಟಿನ ಹುಡುಗನ ಮುಖ ಮಾಡಿಕೊಂಡು. ತೆಗೆಸು ಎಂದಷ್ಟೇ ಹೇಳಿದೆ. ಬಾಯಿಬಡುಕಿಯನ್ನು ಕೇಳಲಿಲ್ಲ, ನನ್ನ ಜೇಬಿಗೆ ಹಾಕಿಕೊಂಡು ಬಂದೆ. ಅವನೂ ಕೇಳಲಿಲ್ಲ.

ಜೂನ್ 16, ಭಾನುವಾರ

ಇವತ್ತು ಅಪ್ಪಂದಿರ ದಿನ. ಮಾರ್ಲಾ ಕೋಳಿ ಹುರಿದು ತಂದಿದ್ದಳು, ಅವಳ ಅಪ್ಪನಿಗೆ ಇಷ್ಟವಾದದ್ದು. ತಟ್ಟೆ ತೊಳೆಯುವಾಗ ಬೆನ್ನು ತಿರುಗಿಸಿಕೊಂಡೇ, ಹಾಗಾದರೆ ಹೇಳು, ಹೇಗಾಯಿತು ಎಂದಳು.

ಹೇಳಲು ಶುರು ಮಾಡಿದೆ. ನಾಚಿಕೆಯ ವಿಷಯವೆಂದರೆ, ನನ್ನ ಬಾಯಿಂದ ಬಂದದ್ದೂ ರಾಯ್ಸನ ಕಥೆಯೇ. ಮಂಜು, ಸೈಪ್ರೆಸ್ಸು, ಅರವತ್ತು ಎಣಿಕೆ, ಮಾತು ಮಾತೂ ಅವನದೇ. ನನ್ನ ಮೀನಿಗೆ ನನ್ನದೇ ಮಾತು ಇರಲಿಲ್ಲ. ಮೇ 20ರ ಪುಟಗಳಲ್ಲಿದ್ದ ಸಿಟ್ಟಿಗಿಂತ ಹೆಚ್ಚು ಸಿಟ್ಟು ಆಗ ಬಂತು. ನಿಲ್ಲಿಸಿದೆ. ಹೀಗಲ್ಲ ಎಂದೆ. ಮಾರ್ಲಾ ನೀರು ನಿಲ್ಲಿಸಿ ತಿರುಗಿದಳು.

ಆವತ್ತು ಯಾರೂ ಎಣಿಸಲಿಲ್ಲ. ಬೆಳಿಗ್ಗೆ ದೋಣಿಯಲ್ಲಿ ರಾಯ್ಸ್ ನನ್ನ ಗಂಟನ್ನು ಆಡಿಕೊಂಡ. ಕೊಡಿಲ್ಲಿ, ಸರಿಯಾಗಿ ಕಟ್ಟಿಕೊಡುತ್ತೇನೆ, ಇದು ಮೊದಲ ಮೀನಿಗೇ ಬಿಚ್ಚಿಹೋಗುತ್ತದೆ ಎಂದು ಕೈಯೇ ಹಾಕಿದ. ಕೊಡಲಿಲ್ಲ. ಜಗಳವಾಯಿತು. ನನ್ನ ಗಂಟಿನಿಂದ ಶುರುವಾಗಿ ಅವನ ಅಮ್ಮನ ತನಕ ಹೋಯಿತು. ಅವನ ಮುಖ ನೋಡಬಾರದು ಅಂತಲೇ ಬೆನ್ನು ತಿರುಗಿಸಿ ಬಾಯಿಬಡುಕಿಯನ್ನು ಎಸೆದೆ. ಎಸೆದದ್ದನ್ನು ಮರೆತೇಬಿಟ್ಟೆ. ಅವನಿಗೆ ಮುಂದೆ ಏನು ಅನ್ನಬೇಕು ಎಂದು ಹಲ್ಲು ಕಚ್ಚಿಕೊಂಡು ಯೋಚಿಸುತ್ತಿದ್ದೆ. ಒಂದು ನಿಮಿಷವೋ ಐದು ನಿಮಿಷವೋ. ಒಳ್ಳೆಯ ಮಾತೊಂದು ಹೊಳೆದು ಅವನ ಕಡೆ ತಿರುಗಿದೆ. ತಿರುಗಿದಾಗ ಕೋಲು ಅಲ್ಲಾಡಿತು, ಅದೇ ಮೊದಲ ಎಳೆತ. ನೀರು ಸಿಡಿದದ್ದನ್ನು ನಾನು ನೋಡಲೇ ಇಲ್ಲ, ನೋಡಿದವನು ರಾಯ್ಸ್. ಕೈಗೆ ಭಾರ ಬಂತು, ಎಳೆದೆ. ನೋಡಿದ್ದರೆ ಬೇಗ ಎಳೆದು ಕಳೆದುಕೊಳ್ಳುತ್ತಿದ್ದೆನೋ ಏನೋ.

“ಅಂದ್ರೆ ತಾಳ್ಮೆ ಅಲ್ಲ,” ಎಂದಳು ಮಾರ್ಲಾ. “ಮುನಿಸ್ಕೊಂಡಿದ್ದೆ.”

ಹೂಂ, ಮುನಿಸಿಕೊಂಡಿದ್ದೆ ಎಂದೆ. ಅವಳು ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ಎಷ್ಟು ನಕ್ಕಳೆಂದರೆ ಅಳುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು. ಅಪ್ಪ ಈ ಕಥೆಯನ್ನೇ ಯಾಕೆ ಹೇಳಲಿಲ್ಲ, ಇದೇ ಚೆನ್ನಾಗಿದೆಯಲ್ಲ ಎಂದಳು. ಇದನ್ನು ಹೇಳಿದರೆ ಗಂಟು ಬಿಚ್ಚಲಿಲ್ಲ ಅಂತಲೂ ಹೇಳಬೇಕಾಗುತ್ತಿತ್ತು ಎಂದೆ.

ಅವಳು ಹೋದ ಮೇಲೆ ಬಾಯಿಬಡುಕಿಯನ್ನು ಮೊಳೆಗೆ ತೂಗಿಹಾಕಲು ಹೋಗಿದ್ದೆ, ಅಭ್ಯಾಸ. ಇಕ್ಕಳ ತಂದು ಮೊಳೆ ಕಿತ್ತೆ. ಗೋಡೆಯ ಗಾರೆಯೂ ಒಂದಿಷ್ಟು ಕಿತ್ತು ಬಂತು.

ಜೂನ್ 20, ಗುರುವಾರ

ಅಪ್ಪನ ಹಳೆಯ ತಗಡಿನ ಡಬ್ಬಿಯಿಂದ ಅದೇ ತೂಕದ ಕೊಕ್ಕೆ ಹುಡುಕಿ ಹಾಕಿ, ಇವತ್ತು ನನ್ನ ದೋಣಿಯಲ್ಲಿ ಬಾಯಿಬಡುಕಿಯನ್ನು ಮೂಲೆಗೆ ಕರೆದುಕೊಂಡು ಹೋದೆ. ನಾಲ್ಕನೆಯ ಎಸೆತಕ್ಕೆ ಬಂತು. ಎರಡೂವರೆ ಪೌಂಡು ಇದ್ದರೆ ಹೆಚ್ಚು. ಆದರೆ ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವಿತು, ತಗಡಿನ ಗಿರಗಿಟ್ಲೆ ಬಿಸಿಲಿಗೆ ಮಿಂಚಿತು.

ನೋಡಿದೆಯಾ ಅನ್ನಲು ಹಿಂದೆ ತಿರುಗಿದೆ.

ಹಿಂದಿನ ಸೀಟಿನಲ್ಲಿ ನನ್ನ ಟೀಯ ಫ್ಲಾಸ್ಕು ಇತ್ತು. ಆವತ್ತು ಆ ದೊಡ್ಡ ಮೀನು ಬಾಯಿ ತೆರೆದದ್ದನ್ನು ಕಣ್ಣಾರೆ ಕಂಡವನು ಲೋಕದಲ್ಲಿ ಒಬ್ಬನೇ ಇದ್ದ. ನಾನೂ ಕಂಡಿರಲಿಲ್ಲ. ಆ ಒಬ್ಬನೂ ಸುಳ್ಳು ಹೇಳಿಕೊಂಡು ತಿರುಗಿದ, ಆಮೇಲೆ ನನ್ನನ್ನು ಕೇಳದೆ ಸತ್ತೂಹೋದ. ಎಂಥ ಸಿಟ್ಟು ಬಂತು ಅಂದರೆ, ಮೀನನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದುನಿಂತೆ, ದೋಣಿ ಹೊಯ್ದಾಡಿತು, ಬಕಪಕ್ಷಿ ಹಾರಿಹೋಯಿತು.

“ಬಿಚ್ಚಿಲ್ಲ ಕಣೋ, ರಾಯ್ಸ್” ಎಂದು ಖಾಲಿ ಸೀಟಿಗೆ ಕೂಗಿ ಹೇಳಿದೆ. “ಇನ್ನೂ ಬಿಚ್ಚಿಲ್ಲ, ನೋಡು.”